ಐದು ಸೆಂಟಿನ ಗುಂಡು ಎಲ್ಲಿ ಹೋಯಿತು?

ಪೆನ್ಸಿಲ್‌ಗಿಂತ ಒಂಚೂರು ಸಪೂರ. ಉದ್ದ ಒಂದು ಇಂಚು. ಕಾಲೇಜಿನಲ್ಲಿ ಎನ್‌ಸಿಸಿ ಕ್ಯಾಂಪಿಗೆ ಹೋದವರಿಗೆ ಇದರ ಪರಿಚಯ ಇರುತ್ತದೆ. ಬೋರಲು ಮಲಗಿ, ಒಂದು ಕಣ್ಣು ಮುಚ್ಚಿ, ಉಸಿರು ಬಿಗಿಹಿಡಿದು ಹೊಡೆದ ಪಾಯಿಂಟ್ ಟೂ ಟೂ ಗುಂಡು ಇದೇ. ನಮ್ಮಲ್ಲಿ ಅದನ್ನು ಎಣಿಸಿ ಕೊಡುತ್ತಾರೆ. ಹೊಡೆದ ಮೇಲೆ ಖಾಲಿ ತೋಟಾಗಳನ್ನೂ ಎಣಿಸಿ ವಾಪಸ್ ಇಸಿದುಕೊಳ್ಳುತ್ತಾರೆ.

ಅಮೆರಿಕದಲ್ಲಿ ಇದು ಕಡಲೆಕಾಯಿ ಇದ್ದ ಹಾಗೆ. ಮಕ್ಕಳಿಗೆ ಗುರಿ ಹೊಡೆಯುವುದನ್ನು ಕಲಿಸುವುದು ಇದರಲ್ಲೇ. ಖಾಲಿ ಡಬ್ಬ ಉರುಳಿಸುವುದಕ್ಕೆ, ಅಳಿಲು ಮೊಲ ಹೊಡೆಯುವುದಕ್ಕೆ ಇದೇ ಸಾಕು. 500 ಗುಂಡಿನ ಪೊಟ್ಟಣಕ್ಕೆ ಅಲ್ಲಿಯವರು ಬ್ರಿಕ್ ಅನ್ನುತ್ತಾರೆ, ಅಂದರೆ ಇಟ್ಟಿಗೆ. ನೋಡುವುದಕ್ಕೂ ಹಾಗೇ ಇರುತ್ತದೆ. 2012ರಲ್ಲಿ ಒಂದು ಇಟ್ಟಿಗೆಗೆ 20ರಿಂದ 25 ಡಾಲರ್. ಒಂದು ಗುಂಡಿಗೆ ನಾಲ್ಕೈದು ಸೆಂಟ್, ಆಗಿನ ನಮ್ಮ ದುಡ್ಡಿನಲ್ಲಿ ಮೂರು ರೂಪಾಯಿಗೂ ಕಡಿಮೆ.

ಮುಂದಿನ ವರ್ಷ ಈ ಗುಂಡು ಅಂಗಡಿಗಳಿಂದ ಮಾಯವಾಯಿತು. ಮತ್ತೆ ಆರಾಮಾಗಿ ಸಿಗುವುದಕ್ಕೆ ಹೆಚ್ಚುಕಡಿಮೆ ಮೂರು ವರ್ಷ ಹಿಡಿಯಿತು. (ಗುಂಡು ಅಂದಾಗ ನಮ್ಮ ಕಡೆ ಬೇರೆ ನೆನಪೂ ಬರುತ್ತದೆ. 2020ರ ಮೇ 4ರಂದು, ಲಾಕ್‌ಡೌನ್ ನಡುವೆ ಮದ್ಯದಂಗಡಿಗಳ ಮುಂದೆ ನಿಂತಿದ್ದ ಆ ಸಾಲುಗಳು! ಈ ಲೇಖನದ ಗುಂಡು ಆ ಗುಂಡಲ್ಲ.)

2012ರ ಡಿಸೆಂಬರ್ 14ರಂದು ಕನೆಕ್ಟಿಕಟ್ ರಾಜ್ಯದ ನ್ಯೂಟೌನ್‌ನಲ್ಲಿ, ಸ್ಯಾಂಡಿ ಹುಕ್ ಎಂಬ ಶಾಲೆಗೆ ನುಗ್ಗಿದ ಒಬ್ಬ 20 ಮಕ್ಕಳನ್ನೂ 6 ಮಂದಿ ದೊಡ್ಡವರನ್ನೂ ಕೊಂದ. ಬಂದೂಕಿನ ಕಾನೂನು ಬಿಗಿ ಮಾಡುತ್ತೇವೆ ಎಂದು ಅಧ್ಯಕ್ಷ ಒಬಾಮಾ ಹೊರಟರು. ಅಲ್ಲಿ ಲೈಸೆನ್ಸ್ ಇರುವ ಅಂಗಡಿಯಲ್ಲಿ ಬಂದೂಕು ಕೊಳ್ಳಬೇಕಾದರೆ ಹಿನ್ನೆಲೆ ತಪಾಸಣೆ ಆಗಬೇಕು. ಆ ಒಂದೇ ತಿಂಗಳಲ್ಲಿ ಎಫ್‌ಬಿಐಗೆ ಬಂದ ತಪಾಸಣೆಯ ಕೋರಿಕೆ 27 ಲಕ್ಷ ದಾಟಿತು. ಅಲ್ಲಿಯವರೆಗೆ ಯಾವ ತಿಂಗಳೂ ಅಷ್ಟು ಬಂದಿರಲಿಲ್ಲ. ಹಾಕಿದಷ್ಟು ಕೋರಿಕೆಗೆ ಅಷ್ಟೇ ಬಂದೂಕು ಮಾರಾಟವಾಯಿತು ಅಂತ ಅಲ್ಲ, ಪರ್ಮಿಟ್ ತಪಾಸಣೆಗಳೂ ಅದರಲ್ಲಿ ಸೇರುತ್ತವೆ. ಆದರೆ ಜನರ ಜ್ವರ ಅಳೆಯುವುದಕ್ಕೆ ಅದಕ್ಕಿಂತ ಒಳ್ಳೆಯ ಥರ್ಮಾಮೀಟರ್ ಇಲ್ಲ.

ವಿಚಿತ್ರ ಇರುವುದು ಇಲ್ಲಿ. ಸರ್ಕಾರ ನಿಷೇಧಿಸಲು ಹೊರಟಿದ್ದು ಸೇನೆಯ ಮಾದರಿಯ ಕೆಲವು ರೈಫಲ್‌ಗಳನ್ನು, ಹತ್ತಕ್ಕಿಂತ ಜಾಸ್ತಿ ಗುಂಡು ಹಿಡಿಯುವ ಮ್ಯಾಗಜೀನ್‌ಗಳನ್ನು. 2013ರ ಏಪ್ರಿಲ್‌ನಲ್ಲಿ ಆ ಪ್ರಸ್ತಾವ ಸೆನೆಟ್‌ನಲ್ಲಿ ಬಿದ್ದೂ ಹೋಯಿತು. ಅಳಿಲು ಹೊಡೆಯುವ ಟೂ ಟೂ ಗುಂಡಿನ ಸುದ್ದಿಗೆ ಯಾರೂ ಹೋಗಿರಲಿಲ್ಲ. ಆದರೂ ಎಲ್ಲಕ್ಕಿಂತ ಹೆಚ್ಚು ಕಾಲ ಸಿಗದೇ ಹೋಗಿದ್ದು ಅದೇ.

ಕಾರಣ ಗೊತ್ತಿಲ್ಲದ ಕಡೆ ಗಾಳಿಸುದ್ದಿ ಹುಟ್ಟುತ್ತದೆ, ಅಲ್ವಾ? ಒಳನಾಡು ಭದ್ರತಾ ಇಲಾಖೆ 160 ಕೋಟಿ ಗುಂಡು ಬಾಚಿಕೊಳ್ಳುತ್ತಿದೆ, ಜನರ ಕೈಗೆ ಸಿಗದ ಹಾಗೆ ಮಾಡುವುದೇ ಅದರ ಹುನ್ನಾರ ಅನ್ನುವ ಸುದ್ದಿ ದೇಶ ತುಂಬಾ ಓಡಾಡಿತು. ಅಮೆರಿಕದ ಸಂಸತ್ತಿನ ಲೆಕ್ಕಪರಿಶೋಧನಾ ಸಂಸ್ಥೆ ಕಡತ ತೆಗೆದು ನೋಡಿತು. 2014ರ ಜನವರಿಯಲ್ಲಿ ವರದಿ ಬಂತು. 2009ರಿಂದ ಆ ಇಲಾಖೆಯ ಖರೀದಿ ಇಳಿಯುತ್ತಲೇ ಬಂದಿತ್ತು.

ಹಾಗಾದರೆ ಗುಂಡು ಎಲ್ಲಿ ಹೋಯಿತು? ಒಂದು ಸಣ್ಣ ಲೆಕ್ಕ ಹಾಕೋಣ. ಬಂದೂಕು ಉದ್ಯಮದ ಸಂಘದ ಅಂದಾಜಿನ ಪ್ರಕಾರ 2018ರಲ್ಲಿ ಅಮೆರಿಕದ ಮಾರುಕಟ್ಟೆಗಾಗಿ ತಯಾರಾದ ಗುಂಡು, ಎಲ್ಲ ಬಗೆಯೂ ಸೇರಿ, 810 ಕೋಟಿ. ಅಲ್ಲಿ ವಯಸ್ಕರಲ್ಲಿ ಮೂವರಿಗೆ ಒಬ್ಬರ ಹತ್ತಿರ ಸ್ವಂತ ಬಂದೂಕಿದೆ. ಅಂದರೆ ಸುಮಾರು 8 ಕೋಟಿ ಜನ. ಇವರಲ್ಲಿ ಪ್ರತಿಯೊಬ್ಬರೂ ಯಾವುದಕ್ಕೂ ಇರಲಿ ಅಂತ 50 ಗುಂಡಿನ ಎರಡೇ ಎರಡು ಡಬ್ಬ ಜಾಸ್ತಿ ತಂದಿಟ್ಟರು ಅಂದುಕೊಳ್ಳಿ. 8 ಕೋಟಿಯನ್ನು 100ರಿಂದ ಗುಣಿಸಿ. 800 ಕೋಟಿ. ದೇಶದ ಒಂದು ವರ್ಷದ ಉತ್ಪಾದನೆ ಮಾಯ!

ಇದರಲ್ಲಿ ಯಾರನ್ನು ಕಾಳಸಂತೆಕೋರ ಅನ್ನುತ್ತೀರಿ? ಎರಡು ಡಬ್ಬ ತಂದವನನ್ನೇ? ಟಿವಿಯವರಿಗೆ ಸಾವಿರಗಟ್ಟಲೆ ಗುಂಡು ಪೇರಿಸಿಟ್ಟ ಒಬ್ಬ ಗಡ್ಡದವನು ಸಿಕ್ಕರೆ ಸಾಕು, ಅವನನ್ನೇ ತೋರಿಸುತ್ತಾರೆ. ಅಂಥವರು ಇದ್ದಾರೆ, ಇಲ್ಲ ಅಂತಲ್ಲ. ಆದರೆ ಶೆಲ್ಫ್ ಖಾಲಿ ಮಾಡುವುದಕ್ಕೆ ಅವರು ಬೇಕಾಗಿಯೇ ಇಲ್ಲ. ಗುಂಡು ಖರ್ಚಾಗಿರಲಿಲ್ಲ, ಜಾಗ ಬದಲಿಸಿತ್ತು ಅಷ್ಟೇ. ಅಂಗಡಿಯ ಶೆಲ್ಫಿನಿಂದ ಕೋಟ್ಯಂತರ ಮನೆಗಳ ನೆಲಮಾಳಿಗೆಗೆ, ಗ್ಯಾರೇಜಿಗೆ, ಮಂಚದ ಕೆಳಗೆ.

ಇದು ನಮಗೇನೂ ಹೊಸದಲ್ಲ. 2023ರ ಜುಲೈ 20ರಂದು ಭಾರತ ಸರ್ಕಾರ ಬಾಸ್ಮತಿ ಅಲ್ಲದ ಬಿಳಿ ಅಕ್ಕಿಯ ರಫ್ತು ನಿಲ್ಲಿಸಿತು. ಟೆಕ್ಸಸ್‌ನಲ್ಲಿರುವ ನನ್ನ ಗೆಳೆಯನೊಬ್ಬ ಮರುದಿನ ಸೋನಾ ಮಸೂರಿಗಾಗಿ ಮೂರು ಅಂಗಡಿ ಸುತ್ತಿದ. ಮೂರನೆಯದರಲ್ಲಿ ಮನೆಗೊಂದೇ ಚೀಲ ಅಂತ ಬೋರ್ಡು. ಹೆಂಡತಿ ಬೇರೆ ಸಾಲಿನಲ್ಲಿ ನಿಂತಳು. ಅವರ ಮನೆಯಲ್ಲಿ ಊಟ ಮಾಡುವವರು ಮೂವರೇ. ಹಬ್ಬಕ್ಕೆ ಮುಂಚೆ ಗ್ಯಾರೇಜಿನಲ್ಲಿ ಆರು ಚೀಲ ಇದ್ದವು. ಬೇರೆಯವರು ತಗೊಂಡುಬಿಟ್ಟರೆ ಅನ್ನುವ ಭಯ ಅವನದು. ಬೇರೆಯವರದೂ ಅದೇ. ಭಯ ಸುಳ್ಳಾಗಿದ್ದರೂ ಎಲ್ಲರೂ ನಂಬಿದರೆ ಅದು ನಿಜವಾಗುತ್ತದೆ. ರಾಬರ್ಟ್ ಮರ್ಟನ್ ಎಂಬ ಸಮಾಜವಿಜ್ಞಾನಿ 1948ರಲ್ಲೇ ಬ್ಯಾಂಕೊಂದರ ಕಥೆ ಕಟ್ಟಿ ಇದನ್ನು ವಿವರಿಸಿದ್ದರು. ಗಟ್ಟಿಯಾಗಿದ್ದ ಬ್ಯಾಂಕು ಮುಳುಗುತ್ತದೆ ಅಂತ ವದಂತಿ ಹಬ್ಬಿ, ಎಲ್ಲರೂ ದುಡ್ಡು ವಾಪಸ್ ಕೇಳಿ, ಕೊನೆಗೆ ಅದು ನಿಜವಾಗಿಯೂ ಮುಳುಗುವ ಕಥೆ.

ಖಾಲಿ ಶೆಲ್ಫ್ ನೋಡಿದರೆ ಆಸೆ ಇನ್ನೂ ಹೆಚ್ಚುತ್ತದೆ. 1975ರಲ್ಲಿ ಸ್ಟೀಫನ್ ವರ್ಚೆಲ್ ಮತ್ತು ಜೊತೆಗಾರರು ಬಿಸ್ಕತ್ತಿನ ಜಾಡಿ ಇಟ್ಟು ಒಂದು ಪ್ರಯೋಗ ಮಾಡಿದರು. ಕೆಲವರಿಗೆ ಹತ್ತು ಬಿಸ್ಕತ್ತಿದ್ದ ಜಾಡಿ, ಕೆಲವರಿಗೆ ಎರಡೇ ಇದ್ದ ಜಾಡಿ. ಬಿಸ್ಕತ್ತು ಒಂದೇ ಬಗೆಯದು. ಎರಡೇ ಇದ್ದ ಜಾಡಿಯದ್ದಕ್ಕೆ ಬೆಲೆ ಜಾಸ್ತಿ ಸಿಕ್ಕಿತು. ಮೊದಲು ಹತ್ತು ತೋರಿಸಿ ಆಮೇಲೆ ಎರಡಕ್ಕೆ ಇಳಿಸಿದರೆ ಇನ್ನೂ ಜಾಸ್ತಿ. ಬೇರೆಯವರು ಬೇಕು ಅಂದಿದ್ದರಿಂದ ಕಡಿಮೆಯಾಯಿತು ಅಂತ ಹೇಳಿದರಂತೂ ಕೇಳುವುದೇ ಬೇಡ. 2013ರ ಗುಂಡಿನ ಅಂಗಡಿಗೆ ಇದನ್ನು ಹಾಗೇ ಅನ್ವಯಿಸಬಹುದು.

ದೊಡ್ಡ ಸೂಪರ್ ಮಾರ್ಕೆಟ್‌ಗಳು ಬೆಲೆ ಏರಿಸಲಿಲ್ಲ. ಬದಲಿಗೆ ಒಬ್ಬರಿಗೆ ದಿನಕ್ಕೆ ಮೂರೇ ಡಬ್ಬ ಅಂದವು. ಗಿರಾಕಿ ಮುನಿಸಿಕೊಳ್ಳಬಾರದು ಅನ್ನುವ ಒಳ್ಳೆಯ ಬುದ್ಧಿ. ಆದರೆ ಒಳಗೆ ಐದು ಸೆಂಟು, ಹೊರಗೆ ಹದಿನೈದು ಸೆಂಟು ಆದರೆ ಏನಾಗುತ್ತದೆ? ಹಳೆಯ ಸಿನಿಮಾ ಥಿಯೇಟರ್ ಮುಂದೆ ಬ್ಲಾಕ್ ಟಿಕೆಟ್ ಮಾರುತ್ತಿದ್ದವರನ್ನು ನೆನೆಸಿಕೊಳ್ಳಿ. ಅಲ್ಲಿ ಇವರಿಗೆ ಫ್ಲಿಪರ್ ಅಂತ ಹೆಸರು. ಬೆಳಗಿನ ಜಾವ ಲಾರಿ ಬಂದು ಸರಕು ಇಳಿಯುವ ಹೊತ್ತು ಇವರಿಗೆ ಬಾಯಿಪಾಠ. ಒಂಬತ್ತಕ್ಕೆ ಕೆಲಸಕ್ಕೆ ಹೋಗುವವನು ಸಂಜೆ ಬಂದು ನೋಡಿದರೆ ಬರೀ ಬೆಲೆಚೀಟಿ.

ಕಾರ್ಖಾನೆಗಳು ಹೆಚ್ಚು ಮಾಡಬಹುದಿತ್ತಲ್ಲ? ಅದಕ್ಕೆ ಗುಂಡನ್ನು ಬಿಚ್ಚಿ ನೋಡಬೇಕು.

ಮಲೆನಾಡು, ಕೊಡಗಿನಲ್ಲಿ ಕೋವಿ ಇರುವ ಮನೆಯವರಿಗೆ ಇದರ ಭಾಗಗಳ ಹೆಸರು ಹೇಳಿಕೊಡಬೇಕಿಲ್ಲ. ಹಿತ್ತಾಳೆಯ ತೋಟಾ, ಒಳಗೆ ಮದ್ದು, ತುದಿಗೆ ಸೀಸದ ಗುಂಡು, ಬುಡದಲ್ಲಿ ಕೇಪು. ಮೊದಲ ಮೂರನ್ನು ಮಾಡುವುದು ಹೆಚ್ಚಿನ ಪಾಲು ಯಂತ್ರದ ಕೆಲಸ. ಗಂಟಲಲ್ಲಿ ಸಿಕ್ಕಿಕೊಳ್ಳುವುದು ಕೇಪು. ದೀಪಾವಳಿಯ ಆಟಿಕೆ ಪಿಸ್ತೂಲಿನಲ್ಲಿ ಚಟ್ ಅನ್ನುತ್ತಿತ್ತಲ್ಲ ಚುಕ್ಕೆ, ಅದರ ದೊಡ್ಡಣ್ಣ ಇದು. ಸಣ್ಣ ಲೋಹದ ಬಟ್ಟಲಿನಲ್ಲಿ ಚಿಟಿಕೆಯಷ್ಟು ಲೆಡ್ ಸ್ಟಿಫ್ನೇಟ್ ಎಂಬ ಸ್ಫೋಟಕದ ಮಿಶ್ರಣ. ಬಂದೂಕಿನ ಕುದುರೆ ಬಡಿದ ಏಟಿಗೆ ಅದು ಸಿಡಿಯುತ್ತದೆ, ಆ ಕಿಡಿಗೆ ಮದ್ದು ಹೊತ್ತಿಕೊಳ್ಳುತ್ತದೆ. ಒಣಗಿದಾಗ ಈ ರಾಸಾಯನಿಕದ ಮೂಗಿನ ತುದಿಯಲ್ಲೇ ಸಿಟ್ಟು. ನೈಲಾನ್ ಬಟ್ಟೆಯಿಂದ ಹಾರುವಷ್ಟು ಸಣ್ಣ ವಿದ್ಯುತ್ ಕಿಡಿ ಸಾಕು. ಅದಕ್ಕೇ ಒದ್ದೆ ಹಿಟ್ಟಿನ ಹಾಗೆ ಕಲಸಿಟ್ಟುಕೊಂಡು, ತೂತುಗಳಿರುವ ತಟ್ಟೆಯ ಮೇಲೆ ಸವರಿ ತುಂಬುತ್ತಾರೆ. ಅನೇಕ ಕಡೆ ಈ ಕೆಲಸ ಇವತ್ತಿಗೂ ಪಳಗಿದ ಕೈಗಳದ್ದೇ.

ಟೂ ಟೂ ಗುಂಡಿಗೆ ಬೇರೆ ಕೇಪು ಕೂಡ ಇಲ್ಲ. ತೋಟಾದ ಬುಡದ ಅಂಚು ಟೊಳ್ಳಾಗಿರುತ್ತದೆ. ಒದ್ದೆ ಮಿಶ್ರಣವನ್ನು ಒಳಗೆ ಹಾಕಿ ಗಿರ್ರನೆ ತಿರುಗಿಸಿದರೆ ಅದು ಅಂಚಿನೊಳಗೆ ಹೋಗಿ ಕೂರುತ್ತದೆ. ಇದಕ್ಕೆ ಬೇರೆಯದೇ ಯಂತ್ರಸಾಲು ಬೇಕು. ಪಿಸ್ತೂಲು ಗುಂಡಿನ ಯಂತ್ರದಲ್ಲಿ ಇದನ್ನು ಮಾಡಲಾಗದು. ಹೊಡೆದ ಮೇಲೆ ಅಂಚು ಜಜ್ಜಿಹೋಗುವುದರಿಂದ ಮನೆಯಲ್ಲೇ ಮತ್ತೆ ತುಂಬಿಕೊಳ್ಳುವುದೂ ಆಗದು. ಲಾಭವೋ, ಐದು ಸೆಂಟಿನ ಮಾಲಿನಲ್ಲಿ ಎಷ್ಟು ಬಂದೀತು? ಅಗ್ಗ, ಚಿಕ್ಕದು, ಎಲ್ಲರಿಗೂ ಬೇಕು, ಪರ್ಯಾಯ ಇಲ್ಲ, ಉತ್ಪಾದನೆ ಏರಿಸುವ ಉತ್ಸಾಹ ಯಾರಿಗೂ ಇಲ್ಲ. ಅಳಿಲಿನ ಗುಂಡೇ ಯಾಕೆ ಮೂರು ವರ್ಷ ಸಿಗಲಿಲ್ಲ ಅನ್ನುವುದಕ್ಕೆ ಇಷ್ಟು ಸಾಕು.

ಉತ್ಸಾಹ ಯಾಕಿಲ್ಲ ಅನ್ನುವುದಕ್ಕೂ ಕಾರಣವಿದೆ. ಅಂಗಡಿಯವನಿಗೆ ವಾರಕ್ಕೆ ಹತ್ತು ಪೆಟ್ಟಿಗೆ ಬೇಕು. ಕೇಳಿದ್ದರಲ್ಲಿ ಮೂರನೇ ಒಂದು ಪಾಲಷ್ಟೇ ಬರುತ್ತಿದೆ. ಅವನೇನು ಮಾಡುತ್ತಾನೆ? ಮೂವತ್ತು ಬರೆಸುತ್ತಾನೆ. ಇರಲಿ ಅಂತ ಇನ್ನಿಬ್ಬರು ಡೀಲರ್‌ಗಳಿಗೂ ಹೇಳಿಡುತ್ತಾನೆ. ಡೀಲರ್ ತನ್ನ ಲೆಕ್ಕದಲ್ಲಿ ಇನ್ನಷ್ಟು ಉಬ್ಬಿಸುತ್ತಾನೆ. ಕಾರ್ಖಾನೆಗೆ ಮುಟ್ಟುವ ಹೊತ್ತಿಗೆ ಇಲಿ ಹೋಗಿ ಹುಲಿ ಆಗಿರುತ್ತದೆ. ಇದಕ್ಕೆ ಬುಲ್‌ವಿಪ್ ಪರಿಣಾಮ ಅನ್ನುತ್ತಾರೆ. ಚಾಟಿಯ ಹಿಡಿ ಒಂಚೂರು ಅಲುಗಿದರೆ ತುದಿ ಆಳೆತ್ತರ ಹಾರುತ್ತದಲ್ಲ, ಹಾಗೆ. ಎಂಐಟಿಯ ಜೇ ಫಾರೆಸ್ಟರ್ 1961ರ ಹೊತ್ತಿಗೇ ಇದನ್ನು ಗುರುತಿಸಿದ್ದರು. ಪ್ರಾಕ್ಟರ್ ಅಂಡ್ ಗ್ಯಾಂಬಲ್ ಕಂಪನಿಗೆ ಇದು ಕಂಡಿದ್ದು ಮಕ್ಕಳ ಡಯಾಪರ್‌ನಲ್ಲಿ. ಕೂಸುಗಳೇನೂ ಒಂದು ತಿಂಗಳು ಜಾಸ್ತಿ, ಒಂದು ತಿಂಗಳು ಕಡಿಮೆ ಒದ್ದೆ ಮಾಡುವುದಿಲ್ಲ. ಡೀಲರ್‌ಗಳ ಆರ್ಡರ್ ಮಾತ್ರ ಮೇಲೆ ಕೆಳಗೆ ಕುಣಿಯುತ್ತಿತ್ತು.

ಉಬ್ಬಿದ ಆರ್ಡರ್ ನಂಬಿ ಕಾರ್ಖಾನೆ ಕಟ್ಟಿದರೆ, ಕಟ್ಟಿ ಮುಗಿಯುವ ಹೊತ್ತಿಗೆ ಭಯ ಇಳಿದಿರುತ್ತದೆ. ಆಗ ಮಾರಾಟ ಮಾಮೂಲಿಗೆ ಬರುವುದಿಲ್ಲ, ಮಾಮೂಲಿಗಿಂತ ಕೆಳಗೆ ಹೋಗುತ್ತದೆ. ಜನ ನೆಲಮಾಳಿಗೆಯಲ್ಲಿದ್ದದ್ದನ್ನೇ ಹೊಡೆಯುತ್ತಾರೆ. 2016ರಲ್ಲಿ ಹಿಲರಿ ಕ್ಲಿಂಟನ್ ಗೆಲ್ಲುತ್ತಾರೆ ಅಂತ ಕೊಂಡವರೇ ಕೊಂಡರು. ಆ ವರ್ಷ ತಪಾಸಣೆ ಕೋರಿಕೆ 2 ಕೋಟಿ 75 ಲಕ್ಷ. ಗೆದ್ದಿದ್ದು ಟ್ರಂಪ್, ಬಂದೂಕಿನ ಪರ ಇದ್ದವರು. ಮರುವರ್ಷ ಅದು 2 ಕೋಟಿ 52 ಲಕ್ಷಕ್ಕೆ ಇಳಿಯಿತು. 1816ರಲ್ಲಿ ಶುರುವಾದ ರೆಮಿಂಗ್ಟನ್ ಕಂಪನಿ 2018ರಲ್ಲಿ ದಿವಾಳಿ ಅರ್ಜಿ ಹಾಕಿತು. ಸಾಲದ ಹೊರೆಯೂ ಇತ್ತು, ಕೋರ್ಟು ಕೇಸುಗಳೂ ಇದ್ದವು, ಆದರೆ ವ್ಯಾಪಾರ ಕುಸಿದಿದ್ದೂ ಸೇರಿತು. ಬಂದೂಕು ಕಂಪನಿಗಳಿಗೆ ಬೇಕಾದ ರಾಜಕಾರಣಿ ಗೆದ್ದರೆ ಅವುಗಳ ವ್ಯಾಪಾರವೇ ಬೀಳುತ್ತದೆ. ನನಗಂತೂ ಈ ಇಡೀ ಕಥೆಯಲ್ಲಿ ಇಷ್ಟವಾಗುವ ತಮಾಷೆ ಇದೇ.

ಆಮೇಲೆ 2020 ಬಂತು. ಕೊರೊನಾ, ಬೀದಿ ಗಲಭೆ, ಚುನಾವಣೆ, ಮೂರೂ ಒಟ್ಟಿಗೆ. ಮಾರ್ಚ್ ಒಂದರಲ್ಲೇ 37 ಲಕ್ಷ ತಪಾಸಣೆ, ವರ್ಷಕ್ಕೆ ಹತ್ತಿರ ಹತ್ತಿರ 4 ಕೋಟಿ. ಈ ಸಲ ಬಂದವರಲ್ಲಿ ಬಂದೂಕನ್ನೇ ಮುಟ್ಟಿರದ ಲಕ್ಷಾಂತರ ಹೊಸಬರಿದ್ದರು. ಇಪ್ಪತ್ತು ಸೆಂಟ್ ಆಸುಪಾಸಿನಲ್ಲಿದ್ದ 9 ಎಂಎಂ ಪಿಸ್ತೂಲು ಗುಂಡು 60, 70 ಸೆಂಟಿಗೆ ಹೋಯಿತು. ಮನೆಯಲ್ಲೇ ತೋಟಾ ತುಂಬಿಕೊಳ್ಳುವ ರೀಲೋಡರ್‌ಗಳು ನಾವು ಬಚಾವ್ ಅಂದುಕೊಂಡಿದ್ದರು. ಕೇಪೇ ಸಿಗಲಿಲ್ಲ. ಸಾವಿರಕ್ಕೆ ಮೂವತ್ತು ನಲವತ್ತು ಡಾಲರ್ ಇದ್ದದ್ದು ನೂರು ದಾಟಿತು. ಮತ್ತೆ ಅದೇ ಗಂಟಲು.

ಈ ಹುಚ್ಚು ಬೇಡಿಕೆಯ ನಡುವೆಯೇ, ಜುಲೈನಲ್ಲಿ, ರೆಮಿಂಗ್ಟನ್ ಎರಡನೇ ಸಲ ದಿವಾಳಿಯಾಯಿತು. ಅರ್ಕನ್ಸಾ ರಾಜ್ಯದ ಲೊನೋಕ್‌ನಲ್ಲಿದ್ದ ಅದರ ಗುಂಡಿನ ಕಾರ್ಖಾನೆಯನ್ನು ವಿಸ್ಟಾ ಔಟ್‌ಡೋರ್ ಕಂಪನಿ ಕೊಂಡಿತು. ಆ ವರ್ಷದ ಕೊನೆಗೆ ವಿಸ್ಟಾದ ಗುಂಡು ವಿಭಾಗದ ಮುಖ್ಯಸ್ಥರೇ ವಿಡಿಯೋ ಮಾಡಿ ಹೇಳಬೇಕಾಯಿತು: ಕಾರ್ಖಾನೆಗಳು ನಡೆಯುತ್ತಲೇ ಇವೆ, ಗೋದಾಮಿನಲ್ಲಿ ಏನೂ ಬಚ್ಚಿಟ್ಟಿಲ್ಲ, 100 ಕೋಟಿ ಡಾಲರ್ ಮೀರಿದ ಆರ್ಡರ್ ಬಾಕಿ ಇದೆ ಅಂತ. ಆ ಬಾಕಿಯಲ್ಲಿ ನಿಜವಾದ ಹಸಿವು ಎಷ್ಟು, ಉಬ್ಬಿಸಿ ಬರೆಸಿದ್ದು ಎಷ್ಟು ಅಂತ ಬೇರೆ ಮಾಡುವುದು ಹೇಗೆ?

ಒಂದು ಲಾಭ ಮಾತ್ರ ಕಾಡಿಗೆ ಆಯಿತು. 1937ರ ಒಂದು ಕಾನೂನಿನ ಪ್ರಕಾರ ಉದ್ದ ಬಂದೂಕು ಮತ್ತು ಗುಂಡಿನ ಮೇಲೆ ತಯಾರಕರು ಕಟ್ಟುವ ಶೇಕಡಾ 11ರ ತೆರಿಗೆ ವನ್ಯಜೀವಿಗಳ ರಕ್ಷಣೆಗೆ ಹೋಗುತ್ತದೆ. ಜನ ಹೆದರಿದಷ್ಟೂ ಜಿಂಕೆಗಳಿಗೆ ಸುಗ್ಗಿ.

ಗೆಳೆಯನ ಅಕ್ಕಿಗೆ ಬರೋಣ. ಡಿಸೆಂಬರ್ ಹೊತ್ತಿಗೆ ನಾಲ್ಕನೇ ಚೀಲದಲ್ಲಿ ಹುಳ. ಅಮ್ಮ ವಿಡಿಯೋ ಕಾಲ್‌ನಲ್ಲಿ ಹೇಳಿಕೊಟ್ಟ ಹಾಗೆ ಹಳೆ ಬೆಡ್‌ಶೀಟ್ ಹಾಸಿ, ಟೆಕ್ಸಸ್ ಬಿಸಿಲಿಗೆ ಹರವಿದ್ದ. ಅಕ್ಕಿಯ ಗಾಬರಿಗೆ ಹುಳುವೇ ಲಗಾಮು. ಎಷ್ಟೇ ಹೆದರಿದರೂ ವರ್ಷಗಟ್ಟಲೆ ಕೂಡಿಡುವುದಕ್ಕೆ ಆಗುವುದಿಲ್ಲ. ಗುಂಡಿಗೆ ಹುಳ ಬೀಳುವುದಿಲ್ಲ. ತೇವ ತಾಗದ ಕಡೆ ಇಟ್ಟರೆ ಹತ್ತಾರು ವರ್ಷ ಆದ ಮೇಲೂ ಢಮ್ ಅನ್ನುತ್ತದೆ. ಕೂಡಿಡುವುದಕ್ಕೆ ಮಿತಿಯೇ ಇಲ್ಲದ ಮಾಲಿನ ಬರ ಬೇಗ ಮುಗಿಯುವುದೂ ಇಲ್ಲ.

ಅವನ ಪಕ್ಕದ ಮನೆಯಲ್ಲಿ ನಿವೃತ್ತರಾದ ಅಜ್ಜ ಒಬ್ಬರಿದ್ದಾರೆ. ಬೆಡ್‌ಶೀಟ್ ಮೇಲಿನ ಅಕ್ಕಿ ನೋಡಿ ನಕ್ಕು, ಇವನನ್ನು ಗ್ಯಾರೇಜಿಗೆ ಕರೆದುಕೊಂಡು ಹೋಗಿ ತೋರಿಸಿದರಂತೆ. 2013ರಲ್ಲಿ ಬೆಳಗಿನ ಜಾವ ಎದ್ದು ದಿನಕ್ಕೆ ಮೂರು ಮೂರು ಡಬ್ಬ ಅಂತ ತಂದ ಟೂ ಟೂ ಗುಂಡು, ಗೋಡೆಯುದ್ದಕ್ಕೂ. ಮೇಲಿನ ಸಾಲಿನಲ್ಲಿ ಎರಡು ಇಟ್ಟಿಗೆ ಹೊಸದಾಗಿ ಹೊಳೆಯುತ್ತಿದ್ದವು. ಇವು ಯಾವಾಗಿನವು ಅಂತ ಇವನು ಕೇಳಿದ. ಕಳೆದ ವಾರದ್ದು, ಸೇಲ್ ಇತ್ತು ಅಂದರಂತೆ.