ಮಧ್ಯಾಹ್ನ ಡಿಪೋದಲ್ಲಿ ಸುಮ್ನೆ ನಿಂತಿರುವ ಬಸ್ ನಮ್ಮೂರಿಗೆ ಯಾಕೆ ಬರಲ್ಲ?

"ಸಾರ್, ಬೆಳಿಗ್ಗೆ ಎಂಟೂವರೆಗೆ ನಮ್ಮೂರಿಗೆ ಇನ್ನೊಂದು ಬಸ್ ಬಿಡಿ ಅಂದರೆ ಬಸ್ಸಿಲ್ಲ ಅಂತಾರೆ. ಮಧ್ಯಾಹ್ನ ಹೋಗಿ ನೋಡಿದರೆ ಡಿಪೋದಲ್ಲಿ ಏಳೆಂಟು ಬಸ್ ಸಾಲಾಗಿ ನಿಂತಿರುತ್ತವೆ. ಯಾಕೆ ಸುಳ್ಳು ಹೇಳ್ತಾರೆ?"

ಈ ಪ್ರಶ್ನೆ ಪ್ರತಿ ವರ್ಷ ಜೂನ್‌ನಲ್ಲಿ, ಶಾಲೆ ಶುರುವಾಗಿ ಹದಿನೈದು ದಿನಕ್ಕೆ ಬರುತ್ತದೆ. ಊರಿನ ಹೆಸರು ಮಾತ್ರ ಬೇರೆ. ಯಾವ ಬಸ್ ಯಾವಾಗ ಎಲ್ಲಿಗೆ ಅಂತ ಶೆಡ್ಯೂಲ್ ಬರೆಯೋ ಕೆಲಸದಲ್ಲಿ ವರ್ಷಗಟ್ಟಲೆ ಕೂತವನು ನಾನು. ಇದೊಂದು ಸಲ ಪೆನ್ಸಿಲ್ ಹಿಡಿದು ನನ್ನ ಜೊತೆ ಲೆಕ್ಕ ಹಾಕಿ, ಆಮೇಲೆ ಬೈಯಿರಿ.

ಒಂದು ತಾಲ್ಲೂಕು ಕೇಂದ್ರ. ಅದರ ನಾಲ್ಕು ದಿಕ್ಕಿಗೆ ನಾಲ್ಕು ಹಳ್ಳಿ, ಒಂದೊಂದೂ ಅರ್ಧ ಗಂಟೆ ದಾರಿ. ಶಾಲೆ ಗಂಟೆ 9.15ಕ್ಕೆ. ಮೊದಲ ಹಳ್ಳಿಯಿಂದ 8.30ಕ್ಕೆ ಹೊರಟ ಬಸ್ 9ಕ್ಕೆ ಪೇಟೆಗೆ ಬಂತು. ಅದನ್ನೇ ಎರಡನೇ ಹಳ್ಳಿಗೆ ಕಳಿಸೋಣ. 9.35ಕ್ಕೆ ಅಲ್ಲಿ ಮುಟ್ಟುತ್ತದೆ, ಮಕ್ಕಳನ್ನು ಹತ್ತಿಸಿಕೊಂಡು ವಾಪಸ್ ಬರುವಾಗ 10.10. ಅಷ್ಟೊತ್ತಿಗೆ ಎರಡನೇ ಪೀರಿಯಡ್ ನಡೀತಿರುತ್ತದೆ. ಅಂದರೆ ನಾಲ್ಕು ಹಳ್ಳಿಗೆ ನಾಲ್ಕು ಬಸ್ಸೇ ಬೇಕು. ಹತ್ತು ಗಂಟೆ ಆದಮೇಲೆ ಆ ನಾಲ್ಕಕ್ಕೂ ಅಷ್ಟು ಜನ ಸಿಗಲ್ಲ. ನೀವು ಮಧ್ಯಾಹ್ನ ನೋಡಿದ್ದು ಇವನ್ನೇ. ಬೆಳಿಗ್ಗೆ ಎಂಟೂವರೆಗೆ ಇವೇ ಬಸ್ಸುಗಳು ಪಕ್ಕದೂರಲ್ಲಿದ್ದವು, ಫುಟ್‌ಬೋರ್ಡಲ್ಲಿ ಹುಡುಗರು ನೇತಾಡ್ತಾ ಇದ್ದರು.

"ಸರಿ, ಮಧ್ಯಾಹ್ನನಾದರೂ ಓಡಿಸಬಹುದಲ್ವಾ?" ಕೆಲವನ್ನು ಓಡಿಸುತ್ತಾರೆ. ಎಲ್ಲವನ್ನೂ ಓಡಿಸೋಕಾಗಲ್ಲ, ಯಾಕೆಂದರೆ ಬಸ್ಸಿನಲ್ಲಿ ಡ್ರೈವರ್ ಅಂತ ಒಬ್ಬ ಮನುಷ್ಯ ಇದ್ದಾನೆ. 2025ರವರೆಗೆ ಜಾರಿಯಲ್ಲಿದ್ದ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ಪ್ರಕಾರ ದಿನಕ್ಕೆ 8 ಗಂಟೆ ಕೆಲಸ. ಬಿಡುವೂ ಸೇರಿ ಡ್ಯೂಟಿ 12 ಗಂಟೆ ದಾಟುವಂತಿರಲಿಲ್ಲ. ಬೆಳಿಗ್ಗೆ ಆರೂವರೆಗೆ ಸ್ಟೀರಿಂಗ್ ಹಿಡಿದವನೇ ಸಂಜೆ ಆರಕ್ಕೆ ಮಕ್ಕಳನ್ನು ಊರಿಗೆ ಬಿಡಬೇಕು. ಹನ್ನೊಂದೂವರೆ ಗಂಟೆ ಆಯ್ತು. ಅದರಲ್ಲಿ ಮೂರೂವರೆ ಗಂಟೆ ಎಲ್ಲಾದರೂ ಬಿಡುವು ಕೊಡಲೇಬೇಕು. ಜನ ಕಡಿಮೆ ಇರೋ ಮಧ್ಯಾಹ್ನ ಕೊಡದೆ ಇನ್ಯಾವಾಗ ಕೊಡೋದು? ಡೀಸೆಲ್ ಹಾಕೋದು, ಬ್ರೇಕ್ ನೋಡೋದು, ತೊಳೆಯೋದು ಕೂಡ ಆಗಲೇ.

ಹಾಗಾಗಿ "ಒಂದೇ ಒಂದು ಟ್ರಿಪ್ ಸಾರ್" ಅಂತ ನೀವು ಕೇಳುವುದು ನಿಜವಾಗಿ ಒಂದು ಹೊಸ ಬಸ್ಸು, ಒಬ್ಬ ಡ್ರೈವರು, ಒಬ್ಬ ಕಂಡಕ್ಟರು. ಅದೂ ದಿನಕ್ಕೆ ಎರಡು ತುಂಬಿದ ಟ್ರಿಪ್ಪಿಗಾಗಿ. ಬೆಳಿಗ್ಗೆ 11ಕ್ಕೆ ಬಸ್ ಕೇಳಿ, ನಾಳೆಯೇ ಸಿಕ್ಕರೂ ಸಿಗಬಹುದು.

ಬಸ್ಸು ಹೆಚ್ಚಿಸದೆ ಇದನ್ನು ಬಗೆಹರಿಸಿದ್ದು ನಾನು ಒಂದೇ ಕಡೆ ನೋಡಿದ್ದೇನೆ. ಹೈಸ್ಕೂಲು 9.15ಕ್ಕೇ ಇತ್ತು, ಕಾಲೇಜಿನವರು ತಮ್ಮ ಗಂಟೆಯನ್ನು 10.30ಕ್ಕೆ ಮಾಡಿಕೊಂಡರು. ಅದೇ ಬಸ್ ಎರಡು ಊರು ಸುತ್ತಿತು. ಒಪ್ಪಿಸೋಕೆ ಎಂಟು ತಿಂಗಳು ಹಿಡೀತು ಅನ್ನೋದು ಬೇರೆ ಮಾತು.

ಇನ್ನು, "ಶಕ್ತಿ ಯೋಜನೆ ಹೆಂಗಸರಿಂದ ಕಲೆಕ್ಷನ್ ಇಲ್ಲ, ಅದಕ್ಕೇ ಹಳ್ಳಿ ಬಸ್ ತೆಗೆದರು" ಅನ್ನೋರಿಗೆ ಚಿಕ್ಕ ಉತ್ತರ. 2023ರ ಜೂನ್ 11ರಿಂದ ಕೊಡುತ್ತಿರುವ ಶೂನ್ಯ ಟಿಕೆಟ್‌ಗೂ ದರ ಇದೆ. ಆ ಲೆಕ್ಕದ ಮೇಲೇ ನಿಗಮ ಸರ್ಕಾರದಿಂದ ದುಡ್ಡು ಕೇಳುತ್ತದೆ. ಸಮಸ್ಯೆ ಬೇರೆ: ಬಸ್ ನಿಮ್ಮೂರಿಗೆ ಬರುವಷ್ಟರಲ್ಲೇ ತುಂಬಿರುತ್ತದೆ.

ಊರು ಸೇರಿದ ಜಿಲ್ಲೆ ಬದಲಾದರೂ ಶೆಡ್ಯೂಲ್ ಕೆಡುತ್ತದೆ. ಹರಪನಹಳ್ಳಿ ನೋಡಿ. 1997ರಲ್ಲಿ ಬಳ್ಳಾರಿ ಬಿಟ್ಟು ದಾವಣಗೆರೆ ಜಿಲ್ಲೆಗೆ ಹೋಯಿತು, 2018ರಲ್ಲಿ ಮತ್ತೆ ಬಳ್ಳಾರಿಗೆ ಬಂತು, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತು. ಡಿಸಿ ಆಫೀಸಿನ ಕೆಲಸ ಈಗ ಹೊಸಪೇಟೆಯಲ್ಲಿ. ಆದರೆ ದೊಡ್ಡಾಸ್ಪತ್ರೆ, ವ್ಯಾಪಾರ ಅಂದರೆ ಜನರ ಕಾಲು ದಾವಣಗೆರೆ ಕಡೆಗೇ ಎಳೆಯುತ್ತದೆ. ಬಸ್ಸಿನ ಮಟ್ಟಿಗೆ ಹೊಸಪೇಟೆ ವಿಭಾಗ ಕಲ್ಯಾಣ ಕರ್ನಾಟಕ ಸಾರಿಗೆ ನಿಗಮದ್ದು, ದಾವಣಗೆರೆ ಕೆಎಸ್‌ಆರ್‌ಟಿಸಿಯದ್ದು, ಅಂದರೆ ಎರಡು ಬೇರೆ ಬೇರೆ ನಿಗಮ. ಜಿಲ್ಲೆ ಬದಲಾಯಿಸೋಕೆ ಒಂದು ಆದೇಶ ಸಾಕು, ಜನ ಹೋಗೋ ದಾರಿ ಹಾಗೆ ಬದಲಾಗಲ್ಲ.

ಯಾರೂ ಕೇಳದ ಒಂದು ವಿಷಯವನ್ನೂ ಹೇಳಿಬಿಡುತ್ತೇನೆ: ಹಾಲ್ಟಿಂಗ್ ಬಸ್. ಉತ್ತರ ಕರ್ನಾಟಕದವರು ವಸ್ತಿ ಬಸ್ ಅಂತಾರೆ. ರಾತ್ರಿ ನಿಮ್ಮೂರಲ್ಲೇ ನಿಂತ ಬಸ್ ಬೆಳಿಗ್ಗೆ ಅಲ್ಲಿಂದಲೇ ಜನ ತುಂಬಿಕೊಂಡು ಹೊರಡುತ್ತದೆ. ಡಿಪೋದಿಂದ ಖಾಲಿ ಬರುವ ಡೆಡ್ ಕಿಲೋಮೀಟರ್ ಉಳಿಯುತ್ತದೆ. ನನ್ನ ಪ್ರಕಾರ ಹಳ್ಳಿಗೆ ಇದಕ್ಕಿಂತ ಒಳ್ಳೆ ಶೆಡ್ಯೂಲ್ ಇಲ್ಲ. ಅರ್ಜಿ ಬರೆಯುವ ಮೊದಲು ಡ್ರೈವರ್, ಕಂಡಕ್ಟರ್ ಮಲಗೋಕೆ ಅಂತ ಪಂಚಾಯ್ತಿ ಕೊಟ್ಟ ಕೋಣೆಯ ಬೀಗದ ಕೈ ಯಾರ ಹತ್ತಿರ ಇದೆ ನೋಡಿ. ಒಂದೂರಲ್ಲಿ ನಾನು ಹೋದಾಗ ಅದರ ತುಂಬ ಗೊಬ್ಬರದ ಚೀಲ ಪೇರಿಸಿದ್ದರು. ಅವರಿಬ್ಬರೂ ಸೊಳ್ಳೆಬತ್ತಿ ಹಚ್ಚಿಕೊಂಡು ಬಸ್ಸಿನ ಸೀಟಿನ ಮೇಲೆ ಮಲಗಿದ್ದರು. ಮೂರು ತಿಂಗಳಿಗೆ ಆ ಹಾಲ್ಟಿಂಗ್ ಪಕ್ಕದೂರಿಗೆ ಹೋಯಿತು.