ಆಪರೇಷನ್ ಚೆನ್ನಾಗಿ ಆಗಿದೆ ಅಂದರು, ಮತ್ತೆ ಮಗು ಯಾಕೆ ಊದಿಕೊಂಡಿದೆ?

ಪ್ರಶ್ನೆ: ನನ್ನ ತಮ್ಮನ ಮಗುವಿಗೆ ಹುಟ್ಟಿದ ಎರಡೇ ವಾರಕ್ಕೆ ಹಾರ್ಟ್ ಆಪರೇಷನ್ ಆಯಿತು. ಚೆನ್ನಾಗಿ ಆಗಿದೆ ಅಂದರು. ಆದರೆ ರಾತ್ರಿ ನೋಡಿದರೆ ಮಗುವಿನ ಮುಖ, ಕೈಕಾಲು ಎಲ್ಲಾ ಊದಿತ್ತು, ಬಿಪಿನೂ ಇಳಿದಿತ್ತು. ಏನಾದರೂ ಎಡವಟ್ಟಾಗಿದೆಯಾ?

ಉತ್ತರ: ಹಾಗೇ ಆಗಿರಬೇಕು ಅಂತೇನಿಲ್ಲ. ಹೃದಯ ನಿಲ್ಲಿಸಿ ಆಪರೇಷನ್ ಮಾಡುವಾಗ ರಕ್ತ ಹಾರ್ಟ್-ಲಂಗ್ ಮಷೀನಿನಲ್ಲಿ ಹರಿದು ಬರುತ್ತದೆ. ಅದರ ಪ್ಲಾಸ್ಟಿಕ್ ಪೈಪು ತಾಗಿದ ಕೂಡಲೇ ಮೈಗೆ ದೊಡ್ಡ ಸೋಂಕು ತಗುಲಿದಂತೆ ಅನಿಸುತ್ತದೆ. ಇಂಟರ್‌ಲ್ಯೂಕಿನ್-6, ಇಂಟರ್‌ಲ್ಯೂಕಿನ್-8, ಟಿಎನ್‌ಎಫ್‌ನಂಥ ಉರಿಯೂತದ ಅಣುಗಳು ರಕ್ತದಲ್ಲಿ ಏರುತ್ತವೆ. ಅವು ಸಣ್ಣ ರಕ್ತನಾಳಗಳ ಗೋಡೆಯನ್ನು ಸಡಿಲ ಮಾಡುತ್ತವೆ. ನೀರಿನಂಶ ಹೊರಗೆ ಸೋರಿ ಮೈ ಊದುತ್ತದೆ. ನಾಳದೊಳಗೆ ಉಳಿಯುವುದು ಕಮ್ಮಿ, ಜೊತೆಗೆ ನಾಳಗಳೂ ಹಿಗ್ಗಿರುತ್ತವೆ. ಬಿಪಿ ಇಳಿಯದೆ ಇನ್ನೇನಾಗುತ್ತದೆ?

ದೊಡ್ಡವರಿಗೂ ಇದು ಆಗುತ್ತದೆ. ಹಸುಗೂಸಿಗೆ ಜಾಸ್ತಿ ಯಾಕೆ ಅಂದರೆ, 3 ಕೆಜಿ ಮಗುವಿನ ಮೈಯಲ್ಲಿರುವ ರಕ್ತವೇ ಸುಮಾರು 250 ಮಿಲಿ. ಮಷೀನಿನ ಪೈಪು ತುಂಬಿಸಲು ಹೆಚ್ಚುಕಮ್ಮಿ ಅಷ್ಟೇ ದ್ರವ ಬೇಕಾಗಬಹುದು. ಇದರ ಮೇಲೆ, ನಿಂತಿದ್ದ ಹೃದಯಕ್ಕೆ ಮತ್ತೆ ರಕ್ತ ಹರಿದಾಗ ಅದಕ್ಕೂ ಪೆಟ್ಟು ಬೀಳುತ್ತದೆ. ಆಪರೇಷನ್ ಮುಗಿದ 6ರಿಂದ 18 ಗಂಟೆಯೊಳಗೆ ಹೃದಯದ ಪಂಪಿಂಗ್ ತುಂಬಾ ಕುಗ್ಗುವುದುಂಟು. ಅಂಗಾಂಗಗಳಿಗೆ ರಕ್ತ ಸಾಲದಷ್ಟು ಕುಗ್ಗಿದರೆ ಅದೇ ಶಾಕ್. ಐಸಿಯುನಲ್ಲಿ ಮೊದಲ ರಾತ್ರಿಗೆ ಎಲ್ಲರೂ ಹೆದರುವುದು ಇದಕ್ಕೇ.

ಡಾಕ್ಟರುಗಳೂ ಇದನ್ನು ನಿರೀಕ್ಷಿಸಿಯೇ ಇರುತ್ತಾರೆ. ಮಷೀನಿನಿಂದ ಬಿಡಿಸುವ ಹೊತ್ತಿಗೆ ರಕ್ತವನ್ನು ಸೋಸಿ ಹೆಚ್ಚಿನ ನೀರು ತೆಗೆಯುತ್ತಾರೆ. ಮಿಲ್ರಿನೋನ್, ಅಡ್ರಿನಲಿನ್ ಕೊಟ್ಟು ಹೃದಯಕ್ಕೆ ಆಸರೆಯಾಗುತ್ತಾರೆ. ಊದಿದ ಹೃದಯ ಒತ್ತಿಹೋಗದಿರಲಿ ಅಂತ ಎದೆಮೂಳೆಯನ್ನು ಒಂದೆರಡು ದಿನ ಮುಚ್ಚದೇ ಬಿಡುವುದೂ ಇದೆ. ನೋಡಲು ಭಯ, ಆದರೆ ಬೇಕೆಂದೇ ಮಾಡುವುದು.

ಉರಿಯೂತ ಅಂದಮೇಲೆ ಸ್ಟೆರಾಯ್ಡ್ ಕೊಟ್ಟರಾಯಿತಲ್ವಾ? ಅಷ್ಟು ಸುಲಭವಿಲ್ಲ. ಅಮೆರಿಕದಲ್ಲಿ ಹಾರ್ಟ್ ಆಪರೇಷನ್ ಆಗುವ, ಒಂದು ವರ್ಷದೊಳಗಿನ 1,200ಕ್ಕೂ ಹೆಚ್ಚು ಮಕ್ಕಳ ಮೇಲೆ ನಡೆದ ಅಧ್ಯಯನ 2022ರಲ್ಲಿ ಪ್ರಕಟವಾಯಿತು. ಮೀಥೈಲ್‌ಪ್ರೆಡ್ನಿಸೊಲೋನ್ ಅನ್ನುವ ಸ್ಟೆರಾಯ್ಡ್‌ನಿಂದ ಸ್ಪಷ್ಟ ಲಾಭ ಕಾಣಲಿಲ್ಲ. ಇನ್ಸುಲಿನ್ ಬೇಕಾಗುವಷ್ಟು ಶುಗರ್ ಏರಿದ್ದು ಮಾತ್ರ ಜಾಸ್ತಿಯಾಯಿತು.

ಹಾಗಂತ ಬಿಪಿ ಇಳಿದರೆ ಎಲ್ಲವನ್ನೂ ಉರಿಯೂತದ ಮೇಲೆ ಹಾಕಿ ಸುಮ್ನಿರಬಾರದು. ಒಳಗೆ ರಕ್ತ ಸೋರುತ್ತಿರಬಹುದು, ಹೃದಯದ ದೋಷ ಇನ್ನೂ ಸ್ವಲ್ಪ ಉಳಿದಿರಬಹುದು. ಅದಕ್ಕೇ ಎಕೋ (ಹೃದಯದ ಸ್ಕ್ಯಾನ್) ಮಾಡಿ ನೋಡುತ್ತಾರೆ. ನಿಮ್ಮ ತಮ್ಮ ಡಾಕ್ಟರನ್ನು ಮುಖ್ಯವಾಗಿ ಕೇಳಬೇಕಾದ್ದು ಎರಡು: ಲ್ಯಾಕ್ಟೇಟ್ (ಅಂಗಾಂಗಗಳಿಗೆ ಆಮ್ಲಜನಕ ಸಾಲದಾಗ ರಕ್ತದಲ್ಲಿ ಏರುವ ಅಂಶ) ಇಳಿಯುತ್ತಿದೆಯಾ, ಮಗು ಮೂತ್ರ ಮಾಡುತ್ತಿದೆಯಾ? ಇವೆರಡೂ ಸರಿಯಾಗಿದ್ದರೆ ರಕ್ತ ಅಂಗಾಂಗಗಳಿಗೆ ತಲುಪುತ್ತಿದೆ ಅಂತ ಸಾಮಾನ್ಯವಾಗಿ ತಿಳಿಯಬಹುದು. ಊತ ಇಳಿಯಲು ಕೆಲವು ದಿನ ಬೇಕು.