ಶಾಖದ ಲೆಕ್ಕ ಸರಿ ಬಂತು, ದಿಕ್ಕು ಮಾತ್ರ ತಪ್ಪಿತ್ತು

ಅಮೋನಿಯಂ ನೈಟ್ರೇಟ್ ಹರಳುಗಳನ್ನು ನೀರಿಗೆ ಸುರಿದು ಕಲಕಿದರೆ ಗಾಜಿನ ಪಾತ್ರೆಯ ಹೊರಮೈ ಬೆವರತೊಡಗುತ್ತದೆ. ಒಂದು ಮೋಲ್ (ಕಣಗಳ ಎಣಿಕೆಯ ಮೇಲೆ ವಸ್ತುವಿನ ಪ್ರಮಾಣ ಹೇಳುವ ಏಕಮಾನ) ಲವಣ ಕರಗುವಷ್ಟರಲ್ಲಿ ಸುಮಾರು 26 ಕಿಲೋಜೂಲ್ ಶಾಖವನ್ನು ಸುತ್ತಲಿನ ನೀರಿನಿಂದಲೇ ಎಳೆದುಕೊಂಡಿರುತ್ತದೆ. ಯಾರೂ ಬಿಸಿ ಮಾಡಿಲ್ಲ. ತಾನಾಗಿ ಕರಗಿತು, ತಣ್ಣಗಾಯಿತು. ಇಂಥ ಕ್ರಿಯೆಗಳನ್ನು ಈಗ ಶಾಲಾ ಮಕ್ಕಳೂ ಅಂತರುಷ್ಣಕ ಎಂದು ಕರೆದು ಮುಂದೆ ಹೋಗುತ್ತಾರೆ. ಆದರೆ 19ನೇ ಶತಮಾನದ ಉತ್ತರಾರ್ಧದಲ್ಲಿ ಯುರೋಪಿನ ಬಲು ದೊಡ್ಡ ರಸಾಯನಶಾಸ್ತ್ರಜ್ಞರೊಬ್ಬರಿಗೆ ಇವು ಗಂಟಲಲ್ಲಿ ಸಿಕ್ಕ ಮುಳ್ಳಾಗಿದ್ದವು.

ಶಾಖವನ್ನು ಅಳೆಯುವ ಕೆಲಸ ಅದಕ್ಕೂ ನೂರು ವರ್ಷ ಹಿಂದೆಯೇ ಶುರುವಾಗಿತ್ತು. 1782-83ರ ಚಳಿಗಾಲದಲ್ಲಿ ಲಾವೋಸಿಯೆ ಮತ್ತು ಲಾಪ್ಲಾಸ್ ಪ್ಯಾರಿಸ್‌ನಲ್ಲಿ ಹಿಮದ ಕ್ಯಾಲೊರಿಮೀಟರ್ ಕಟ್ಟಿದರು. ಒಳಗೊಂದು ಜಾಲರಿ ಬುಟ್ಟಿ, ಅದರ ಸುತ್ತ ಮಂಜುಗಡ್ಡೆ, ಅದರಾಚೆ ಮತ್ತೊಂದು ಪದರ ಮಂಜುಗಡ್ಡೆ. ಕೋಣೆಯ ಬಿಸಿಯನ್ನೆಲ್ಲ ಹೊರಪದರವೇ ನುಂಗಿಕೊಳ್ಳುವುದರಿಂದ, ಒಳಪದರ ಕರಗಿದರೆ ಅದು ಬುಟ್ಟಿಯಲ್ಲಿದ್ದ ವಸ್ತುವಿನ ಶಾಖಕ್ಕೆ ಮಾತ್ರ. ಕೆಳಗೆ ಸೋರಿದ ನೀರನ್ನು ತೂಗಿದರೆ ಲೆಕ್ಕ ಸಿಕ್ಕಿತು. ಬುಟ್ಟಿಯಲ್ಲಿ ಇದ್ದಿಲು ಉರಿಸಿದರು, ಗಿನಿಯಿಲಿಯನ್ನೂ ಕೂರಿಸಿದರು. ತಮಾಷೆಯೆಂದರೆ, ಲಾವೋಸಿಯೆ ಶಾಖವನ್ನು ಕ್ಯಾಲೊರಿಕ್ ಎಂಬ ತೂಕವಿಲ್ಲದ ದ್ರವ್ಯವೆಂದೇ ನಂಬಿದ್ದರು. 1789ರ ಮೂಲವಸ್ತುಗಳ ಪಟ್ಟಿಯಲ್ಲಿ ಅದಕ್ಕೂ ಜಾಗ ಕೊಟ್ಟರು. ಸಿದ್ಧಾಂತ ಬಿದ್ದುಹೋಯಿತು, ಅಳತೆಯ ವಿಧಾನ ಉಳಿಯಿತು.

ನನ್ನ ಲೆಕ್ಕದಲ್ಲಿ ಈ ಕಥೆಯ ನಿಜವಾದ ನಾಯಕ ಜರ್ಮೇನ್ ಹೆಸ್. ಜಿನೀವಾದಲ್ಲಿ ಹುಟ್ಟಿ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ದುಡಿದ ಈತ ಸಲ್ಫ್ಯೂರಿಕ್ ಆಮ್ಲಕ್ಕೆ ಬೇರೆಬೇರೆ ಪ್ರಮಾಣದ ನೀರು ಬೆರೆಸಿ, ಆಮೇಲೆ ಅಮೋನಿಯಾದಿಂದ ತಟಸ್ಥಗೊಳಿಸಿ, ಪ್ರತಿ ಹಂತದಲ್ಲೂ ಬಿಡುಗಡೆಯಾದ ಶಾಖ ಅಳೆದರು. ನೀರು ಹೆಚ್ಚು ಬೆರೆಸಿದಾಗ ಮೊದಲ ಹಂತದಲ್ಲಿ ಹೆಚ್ಚು ಬಿಸಿ, ಎರಡನೆಯದರಲ್ಲಿ ಕಡಿಮೆ. ಕೂಡಿದರೆ ಮೊತ್ತ ಮಾತ್ರ ಒಂದೇ. ದಾರಿ ಯಾವುದಾದರೂ ಆಗಲಿ, ಆರಂಭ ಮತ್ತು ಕೊನೆ ಅವೇ ಆಗಿದ್ದರೆ ಒಟ್ಟು ಶಾಖ ಬದಲಾಗದು ಎಂದು ಹೆಸ್ 1840ರಲ್ಲಿ ಸಾರಿದಾಗ, ಶಕ್ತಿ ನಾಶವಾಗದು ಎಂಬ ನಿಯಮವನ್ನು ಮೇಯರ್, ಜೂಲ್, ಹೆಲ್ಮ್‌ಹೋಲ್ಟ್ಸ್ ಇನ್ನೂ ಜಗತ್ತಿನ ಮುಂದಿಟ್ಟಿರಲಿಲ್ಲ.

ಇದರ ಉಪಯೋಗ ಎಷ್ಟೆಂದು ಒಂದು ಉದಾಹರಣೆಯಲ್ಲೇ ಗೊತ್ತಾಗುತ್ತದೆ. ಇಂಗಾಲವನ್ನು ಕಾರ್ಬನ್ ಮಾನಾಕ್ಸೈಡ್ ಹಂತಕ್ಕೇ ನಿಲ್ಲಿಸಿ ಉರಿಸಿ, ಆ ಶಾಖವಷ್ಟನ್ನೇ ಅಳೆಯುವುದು ಆಗದ ಮಾತು. ಒಂದಿಷ್ಟು ಡೈಆಕ್ಸೈಡ್ ಬೆರೆತೇ ಬೆರೆಯುತ್ತದೆ. ಆದರೆ ಇಂಗಾಲ ಪೂರ್ತಿ ಉರಿದರೆ ಮೋಲ್‌ಗೆ 393.5 ಕಿಲೋಜೂಲ್, ಮಾನಾಕ್ಸೈಡ್ ಉರಿದು ಡೈಆಕ್ಸೈಡ್ ಆದರೆ 283. ಎರಡನ್ನೂ ಸಲೀಸಾಗಿ ಅಳೆಯಬಹುದು. ಕಳೆದರೆ 110.5. ಯಾರೂ ನೇರವಾಗಿ ಅಳೆಯದ ಸಂಖ್ಯೆ ಕಾಗದದ ಮೇಲೆ ಬಂದು ಕೂತಿತು.

ಎಡವಟ್ಟು ಆದದ್ದು ಇದರ ನಂತರ. ಕೋಪನ್‌ಹೇಗನ್‌ನ ಯೂಲಿಯುಸ್ ಥಾಮ್ಸನ್ 1854ರಲ್ಲಿ, ಆಮೇಲೆ ಪ್ಯಾರಿಸ್‌ನ ಮಾರ್ಸೆಲಿನ್ ಬರ್ತೆಲೊ, ಶಾಖವೇ ಕ್ರಿಯೆಯ ಚಾಲಕ ಎಂದರು: ಯಾವುದು ಹೆಚ್ಚು ಶಾಖ ಕೊಡುತ್ತದೋ ಆ ಕಡೆಗೇ ಕ್ರಿಯೆ ಹರಿಯುತ್ತದೆ. ಬರ್ತೆಲೊ ಸಾಮಾನ್ಯರಲ್ಲ. ಬಹಿರುಷ್ಣಕ (ಶಾಖ ಬಿಡುವ), ಅಂತರುಷ್ಣಕ (ಶಾಖ ಹೀರುವ) ಎಂಬ ವಿಂಗಡಣೆ ಅವರದು. ಆಮ್ಲಜನಕ ತುಂಬಿದ ಉಕ್ಕಿನ ಪಾತ್ರೆಯಲ್ಲಿ ವಸ್ತುವನ್ನು ಉರಿಸುವ ಬಾಂಬ್ ಕ್ಯಾಲೊರಿಮೀಟರನ್ನು 1881ರಲ್ಲಿ ತಂದವರೂ ಅವರೇ. ತಣ್ಣಗಾಗುವ ಕ್ರಿಯೆಗಳನ್ನು ಯಾರಾದರೂ ಮುಂದಿಟ್ಟರೆ, ಅದು ರಾಸಾಯನಿಕವಲ್ಲ, ಭೌತಿಕ ಬದಲಾವಣೆ ಎಂದು ಬದಿಗೆ ಸರಿಸುತ್ತಿದ್ದರು. ಈ ತತ್ತ್ವವನ್ನು ಎದುರಿಸಿದ ಯುವಕ ಪಿಯೆರ್ ಡ್ಯುಹೆಮ್‌ರ ಡಾಕ್ಟರೇಟ್ ಪ್ರಬಂಧ ಪ್ಯಾರಿಸ್‌ನಲ್ಲಿ ತಿರಸ್ಕೃತವಾಯಿತು. 1886ರಲ್ಲಿ ಅವರು ಅದನ್ನು ಪುಸ್ತಕವಾಗಿಯೇ ಹೊರತಂದರು; ಪ್ಯಾರಿಸ್‌ನಲ್ಲಿ ಪ್ರಾಧ್ಯಾಪಕ ಹುದ್ದೆ ಮಾತ್ರ ಕೊನೆಯವರೆಗೂ ಸಿಗಲಿಲ್ಲ. ಬರ್ತೆಲೊ ಅದೇ 1886ರಲ್ಲಿ ಫ್ರಾನ್ಸ್‌ನ ಶಿಕ್ಷಣ ಸಚಿವರಾದರು ಎಂಬುದನ್ನೂ ಇಲ್ಲೇ ಹೇಳಿಬಿಡಬೇಕು.

ಉತ್ತರ ಅಷ್ಟರಲ್ಲಾಗಲೇ ಅಮೆರಿಕದಲ್ಲಿ ಅಚ್ಚಾಗಿತ್ತು, ಓದಿದವರು ಕಡಿಮೆ ಅಷ್ಟೆ. ವಿಲಾರ್ಡ್ ಗಿಬ್ಸ್ 1875ರಿಂದ 1878ರ ನಡುವೆ ಪ್ರಕಟಿಸಿದ ಬರಹದಲ್ಲಿ ಶಾಖ ಒಂದು ಬಾಬ್ತು ಮಾತ್ರ. ತೆರೆದ ಪಾತ್ರೆಯಲ್ಲಿ ಅನಿಲ ಹೊರಬಂದರೆ ಅದು ಗಾಳಿಯನ್ನು ತಳ್ಳಬೇಕು, ಅದಕ್ಕೂ ಶಕ್ತಿ ಖರ್ಚಾಗುತ್ತದೆ. ಹಾಗಾಗಿ ಒಳಶಕ್ತಿಗೆ ಒತ್ತಡ ಮತ್ತು ಗಾತ್ರದ ಗುಣಲಬ್ಧವನ್ನು ಕೂಡಿಸಿದ ಒಂದು ಪರಿಮಾಣ ಇಟ್ಟುಕೊಂಡರೆ, ಒತ್ತಡ ಸ್ಥಿರವಾಗಿರುವಾಗ ಅದರ ಬದಲಾವಣೆಯೇ ನಾವು ಅಳೆಯುವ ಶಾಖ. ಇದೇ ಎಂಥಾಲ್ಪಿ. ಲೈಡನ್‌ನ ಕಾಮರ್ಲಿಂಗ್ ಓನೆಸ್ ಕೊಟ್ಟ ಈ ಹೆಸರು ಅಚ್ಚಿನಲ್ಲಿ ಕಾಣಿಸಿಕೊಂಡದ್ದು 1909ರಲ್ಲಿ. ಕ್ರಿಯೆ ತಾನಾಗಿ ಯಾವ ಕಡೆ ಸಾಗುತ್ತದೆ ಎಂಬುದು ಎಂಥಾಲ್ಪಿಯಿಂದ ತಾಪಮಾನ ಮತ್ತು ಎಂಟ್ರೊಪಿಯ (ಕಣಗಳು ಎಷ್ಟು ಚದುರಿವೆ ಎಂಬುದರ ಅಳತೆ) ಗುಣಲಬ್ಧವನ್ನು ಕಳೆದ ಮೇಲೆ ಉಳಿಯುವ ಮುಕ್ತ ಶಕ್ತಿಗೆ ಬಿಟ್ಟದ್ದು; ಅದು ಇಳಿಯುವ ಕಡೆಗೇ ಕ್ರಿಯೆ ಸಾಗುತ್ತದೆ. ಅಮೋನಿಯಂ ನೈಟ್ರೇಟ್ ಶಾಖದಲ್ಲಿ ಸೋತರೂ, ಅಯಾನುಗಳು ನೀರಿನಲ್ಲಿ ಚದುರಿ ಎಂಟ್ರೊಪಿ ಏರುವುದರಿಂದ ಗೆಲ್ಲುತ್ತದೆ.

ಇದೆಲ್ಲ ಬರೀ ಪುಸ್ತಕದ ವಾದವಾಗಿ ಉಳಿಯಲಿಲ್ಲ. ಸಾರಜನಕ ಮತ್ತು ಜಲಜನಕದಿಂದ ಎರಡು ಮೋಲ್ ಅಮೋನಿಯಾ ಆದಾಗ ಸುಮಾರು 92 ಕಿಲೋಜೂಲ್ ಹೊರಬರುತ್ತದೆ. ಬರ್ತೆಲೊ ತತ್ತ್ವದ ಪ್ರಕಾರ ಯಾವ ತಾಪಮಾನದಲ್ಲೂ ಇದು ಸರಾಗವಾಗಿ ನಡೆಯಬೇಕು. ಆದರೆ ನಾಲ್ಕು ಅನಿಲ ಅಣು ಎರಡಾಗುವುದರಿಂದ ಎಂಟ್ರೊಪಿ ಇಳಿಯುತ್ತದೆ. ಸಾಮಾನ್ಯ ಒತ್ತಡದಲ್ಲಿ ಸುಮಾರು 200 ಡಿಗ್ರಿ ಸೆಲ್ಸಿಯಸ್ ದಾಟಿದರೆ ತಕ್ಕಡಿ ಹಿಂದಕ್ಕೆ ವಾಲುತ್ತದೆ. ಅದಕ್ಕಿಂತ ತಣ್ಣಗೆ ಇಟ್ಟರೆ ಕ್ರಿಯೆ ಕದಲುವುದೇ ಇಲ್ಲ. ಫ್ರಿಟ್ಸ್ ಹೇಬರ್ ಈ ಇಕ್ಕಟ್ಟಿನಿಂದ ಪಾರಾದದ್ದು ವೇಗವರ್ಧಕ ಮತ್ತು ಭಾರಿ ಒತ್ತಡದ ಬಲದಿಂದ. 1913ರಲ್ಲಿ ಜರ್ಮನಿಯ ಓಪಾವ್‌ನಲ್ಲಿ ಶುರುವಾದ ಕಾರ್ಖಾನೆ ವಾತಾವರಣದ ಸುಮಾರು 200 ಪಟ್ಟು ಒತ್ತಡದಲ್ಲಿ ನಡೆಯುತ್ತಿತ್ತು, ಒಂದು ಸುತ್ತಿನಲ್ಲಿ ಅಮೋನಿಯಾ ಆಗದೆ ಉಳಿದ ಅನಿಲವನ್ನು ಮತ್ತೆ ಮತ್ತೆ ಒಳಗೆ ಕಳಿಸುತ್ತಾ.